ಅದೇ ಕೈ, ಬೇರೆ ಕೋಚ್: ಸೋಲುತ್ತಿದ್ದ ಕ್ವಾರ್ಟರ್‌ಬ್ಯಾಕ್ ಗೆಲ್ಲಲು ಶುರುಮಾಡುವುದು ಹೇಗೆ?

2016ರಲ್ಲಿ ಜ್ಯಾರೆಡ್ ಗಾಫ್ ಅಮೆರಿಕನ್ ಫುಟ್‌ಬಾಲ್‌ನ ಲಾಸ್ ಏಂಜಲೀಸ್ ರಾಮ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವರಾಗಿ, 7 ಪಂದ್ಯ ಆಡಿದರು. ಏಳರಲ್ಲೂ ಸೋಲು. ಅವರ ಟಚ್‌ಡೌನ್ ಪಾಸ್ (ಅಂಕ ತಂದ ಎಸೆತ) 5, ಇಂಟರ್ಸೆಪ್ಷನ್ (ಎದುರಾಳಿಯ ಕೈಗೆ ಹೋದ ಪಾಸ್) 7. ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅವರನ್ನು 26 ಸಲ ಕೆಡವಿದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ ಇವರು. ಈ ಆಯ್ಕೆಯೇ ತಪ್ಪು ಎಂಬ ಮಾತು ಆಗಲೇ ಎದ್ದಿತ್ತು.

ಮರುವರ್ಷ ಅದೇ ಗಾಫ್ 15 ಪಂದ್ಯ ಆಡಿ 11 ಗೆದ್ದರು. ಟಚ್‌ಡೌನ್ ಪಾಸ್ 28, ಇಂಟರ್ಸೆಪ್ಷನ್ ಮತ್ತೆ 7. ಪಂದ್ಯಗಳು ಎರಡರಷ್ಟಾದರೂ ಅವರು ಕೆಳಗೆ ಬಿದ್ದದ್ದು 25 ಸಲ ಮಾತ್ರ. 2016ರಲ್ಲಿ 224 ಅಂಕ ಗಳಿಸಿ ಇಡೀ ಲೀಗ್‌ನಲ್ಲಿ ಕೊನೆಯಲ್ಲಿದ್ದ ರಾಮ್ಸ್, 2017ರಲ್ಲಿ 478 ಅಂಕ ಗಳಿಸಿ ಎಲ್ಲರಿಗಿಂತ ಮೇಲೆ ಹೋಯಿತು. ಒಂದೇ ವರ್ಷದಲ್ಲಿ ಹೀಗೆ ತಳದಿಂದ ತುದಿಗೆ ಹೋದ ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಶುರುವಾದ ಮೇಲೆ ಇದೇ ಮೊದಲು.

22 ವರ್ಷದ ಹುಡುಗನ ತೋಳಿಗೆ ಒಂದು ಬೇಸಿಗೆಯಲ್ಲಿ ಹೊಸ ಬಲ ಬರುವುದಿಲ್ಲ. ಹಾಗಾದರೆ ಏನು ಬದಲಾಯಿತು? ನನ್ನ ಪ್ರಕಾರ ಇದಕ್ಕೆ ಸರಿಯಾದ ಉತ್ತರ ಹೀಗಿದೆ: ಚೆಂಡು ಕೈಗೆ ಬಂದ ಮೇಲಿನ ಎರಡೂವರೆ ಸೆಕೆಂಡಿನಲ್ಲಿ ಅವರು ತಲೆಯೊಳಗೆ ಮಾಡಬೇಕಿದ್ದ ಕೆಲಸವನ್ನು ಒಬ್ಬ ಕೋಚ್ ಕಡಿಮೆ ಮಾಡಿದರು. ಕೋಚಿಂಗ್ ಅಂದರೆ ಹುರಿದುಂಬಿಸುವ ಮಾತು, ಡ್ರೆಸ್ಸಿಂಗ್ ರೂಮಿನ ಕೂಗಾಟ ಅಂತ ನಾವು ಅಂದುಕೊಳ್ಳುತ್ತೇವೆ. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಅದರಿಂದ ಆಗುವ ಲಾಭ ತುಂಬಾ ಕಡಿಮೆ.

ಎರಡೂವರೆ ಸೆಕೆಂಡಿನ ಕೆಲಸ

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇದು ಅಮೆರಿಕನ್ ಫುಟ್‌ಬಾಲ್, ಮೆಸ್ಸಿ ಆಡುವ ಆಟವಲ್ಲ. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ 4 ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ 4 ಅವಕಾಶ. ಪ್ರತಿ ಸಲವೂ ಮೊದಲೇ ಗೊತ್ತುಮಾಡಿದ ಒಂದು ಪ್ಲೇ ಇರುತ್ತದೆ. ಯಾರು ಎಲ್ಲಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಪಕ್ಕದಲ್ಲಿ ಓಡುವವನಿಗೆ ಕೊಡಬೇಕು, ಇಲ್ಲವೇ ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯಬೇಕು.

ಕೇಳೋಕೆ ಸುಲಭ ಅನ್ನಿಸುತ್ತೆ, ಅಲ್ವಾ? ಈಗ ಅವನ ಜಾಗದಲ್ಲಿ ನಿಂತು ನೋಡಿ. ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಕೋಚ್ ಪ್ಲೇಯ ಹೆಸರು ಹೇಳುತ್ತಾರೆ. ಆ ಹೆಸರೇ ಹತ್ತು ಹನ್ನೆರಡು ಪದ ಇರಬಹುದು. ಅದನ್ನು ಉಳಿದ 10 ಜನರಿಗೆ ತಪ್ಪಿಲ್ಲದೆ ಹೇಳಬೇಕು. ಆಮೇಲೆ ಸಾಲಿನ ಹಿಂದೆ ಬಂದು ನಿಂತು ಎದುರಿಗಿರುವವರನ್ನು ಓದಬೇಕು. ತೀರಾ ಹಿಂದೆ ನಿಂತಿರುವ ಸೇಫ್ಟಿ ಒಬ್ಬನೋ, ಇಬ್ಬರೋ? ಮುಂದಿನಿಂದ ನುಗ್ಗಿ ಬರುವವರು ನಾಲ್ವರೋ, ಐವರೋ? ಕಂಡದ್ದು ಸರಿಯಿಲ್ಲ ಅನ್ನಿಸಿದರೆ ಪ್ಲೇಯನ್ನೇ ಬದಲಿಸಬೇಕು. ಇದೆಲ್ಲ 40 ಸೆಕೆಂಡಿನ ಗಡಿಯಾರದ ಒಳಗೇ ಮುಗಿಯಬೇಕು.

ಎದುರಾಳಿಗಳು ಸುಮ್ನೆ ನಿಂತಿರುವುದಿಲ್ಲ. ಅವರು ಒಂದು ಥರ ನಿಂತು, ಚೆಂಡು ಕದಲಿದ ತಕ್ಷಣ ಇನ್ನೊಂದು ಥರ ಆಡುತ್ತಾರೆ. ಲೆಗ್ ಸ್ಪಿನ್ನರ್ ಅದೇ ಓಟದಲ್ಲಿ ಬಂದು ಮಣಿಕಟ್ಟಿನ ಹಿಂದೆ ಗೂಗ್ಲಿ ಅಡಗಿಸಿದ ಹಾಗೆ. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಇರುವುದು ಸುಮಾರು ಎರಡೂವರೆ ಸೆಕೆಂಡು. ಮೊದಲ ರಿಸೀವರ್ ಬಿಡುವಾಗಿದ್ದಾನಾ? ಇಲ್ಲವೆಂದರೆ ಎರಡನೆಯವನು? ಅವನೂ ಇಲ್ಲವೆಂದರೆ ಹತ್ತಿರದಲ್ಲೇ ಇರುವ ಮೂರನೆಯವನು? ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಾ ಹೋಗುವಾಗಲೇ 130 ಕಿಲೋ ತೂಕದ ಆಳುಗಳು ಮೈಮೇಲೆ ಬರುತ್ತಿರುತ್ತಾರೆ.

ಸೋಲುವ ಕ್ವಾರ್ಟರ್‌ಬ್ಯಾಕ್ ಕೆಡುವುದು ಇಲ್ಲೇ. ನಾಲ್ಕು ಸಲ ಬಿದ್ದ ಮೇಲೆ ಅವನ ಕಣ್ಣು ರಿಸೀವರ್‌ಗಳನ್ನು ಬಿಟ್ಟು ನುಗ್ಗುವವರ ಕಡೆ ಇಳಿಯುತ್ತದೆ. ಕಣ್ಣು ಇಳಿದರೆ ಕಾಲು ಕುಣಿಯಲು ಶುರುವಾಗುತ್ತದೆ. ಕಾಲು ನಿಲ್ಲದಿದ್ದರೆ ಎಸೆತ ಅರ್ಧ ಸೆಕೆಂಡ್ ತಡವಾಗುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಬಿಡುವಾಗಿದ್ದ ರಿಸೀವರ್ ಪಕ್ಕ ಎದುರಾಳಿ ಬಂದಿರುತ್ತಾನೆ. ಚೆಂಡು ಅವನ ಪಾಲು. ಮುಂದಿನ ಸಲ ಭಯ ಇನ್ನೂ ಜಾಸ್ತಿ.

ಇದನ್ನು ಇಡೀ ಅಮೆರಿಕ ಕಿವಿಯಾರೆ ಕೇಳಿದ್ದು 2019ರ ಅಕ್ಟೋಬರ್ 21ರಂದು. ನ್ಯೂಯಾರ್ಕ್ ಜೆಟ್ಸ್‌ನ ಸ್ಯಾಮ್ ಡಾರ್ನಾಲ್ಡ್ ಅಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 32 ಪಾಸ್ ಎಸೆದು 11 ಮಾತ್ರ ಮುಟ್ಟಿಸಿದರು. ನಾಲ್ಕು ಎದುರಾಳಿಗಳ ಕೈ ಸೇರಿದವು. ಜೆಟ್ಸ್ 33–0ಯಿಂದ ಸೋತಿತು. ಬೆಂಚ್ ಮೇಲೆ ಕೂತಿದ್ದ ಡಾರ್ನಾಲ್ಡ್ ‘ನನಗೆ ದೆವ್ವಗಳು ಕಾಣ್ತಿವೆ’ ಎಂದದ್ದು ಅವರ ಮೈಮೇಲಿದ್ದ ಟಿವಿ ಮೈಕ್‌ಗೆ ಸಿಕ್ಕಿಬಿಟ್ಟಿತು. ಜನ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ನನಗೆ ಮಾತ್ರ ಅದು ಬಹಳ ಪ್ರಾಮಾಣಿಕವಾದ ಮಾತು ಅನ್ನಿಸುತ್ತದೆ. ಇಲ್ಲದ ಜಾಗದಲ್ಲೂ ಎದುರಾಳಿ ಕಾಣುವುದು, ಇರುವ ಜಾಗದಲ್ಲಿ ಕಾಣದಿರುವುದು: ಆ ಸ್ಥಿತಿಯನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಮ್ಯಾಕ್‌ವೇ ಮಾಡಿದ್ದೇನು

2017ರ ಜನವರಿಯಲ್ಲಿ ರಾಮ್ಸ್ ತಂಡ ಷಾನ್ ಮ್ಯಾಕ್‌ವೇ ಎಂಬುವವರನ್ನು ಮುಖ್ಯ ಕೋಚ್ ಮಾಡಿತು. ಅವರಿಗೆ ಆಗ 30 ವರ್ಷ. ಆಧುನಿಕ ಎನ್‌ಎಫ್‌ಎಲ್‌ನಲ್ಲಿ (ಈ ಆಟದ ವೃತ್ತಿಪರ ಲೀಗ್) ಅಷ್ಟು ಚಿಕ್ಕ ವಯಸ್ಸಿನ ಮುಖ್ಯ ಕೋಚ್ ಅದುವರೆಗೆ ಇರಲಿಲ್ಲ.

ಮ್ಯಾಕ್‌ವೇ ಮೊದಲು ನೋಡಿದ್ದು ಓಟದ ಪ್ಲೇ ಮತ್ತು ಪಾಸ್ ಪ್ಲೇ ಒಂದೇ ಥರ ಕಾಣಬೇಕು ಎಂಬುದನ್ನು. ಅದೇ ಆಟಗಾರರು, ಅದೇ ಜಾಗ, ಅದೇ ಮೊದಲ ಹೆಜ್ಜೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಗೆ ಕೊಟ್ಟಂತೆ ಮಾಡಿ, ಕೊಡದೆ ಹಿಂದಕ್ಕೆ ಸರಿಯುತ್ತಾನೆ. ಇದಕ್ಕೆ ಪ್ಲೇ ಆಕ್ಷನ್ ಎನ್ನುತ್ತಾರೆ. ಓಟವನ್ನು ತಡೆಯಬೇಕಾದ ಲೈನ್‌ಬ್ಯಾಕರ್‌ಗಳು ಒಂದೆರಡು ಹೆಜ್ಜೆ ಮುಂದೆ ಬರುತ್ತಾರೆ. ಅವರ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತದೆ. ರಿಸೀವರ್ ಬರುವುದು ಅಲ್ಲಿಗೇ.

ಕ್ವಾರ್ಟರ್‌ಬ್ಯಾಕ್‌ಗೆ ಇದರಿಂದ ಆಗುವ ಅನುಕೂಲ ದೊಡ್ಡದು. ಇಡೀ ಮೈದಾನ ಓದುವ ಬದಲು ಅವನು ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡಿದರೆ ಸಾಕು. ಅವನು ಮುಂದೆ ಬಂದನಾ? ಎಸೆ. ಹಿಂದೆ ಸರಿದನಾ? ಹತ್ತಿರದವನಿಗೆ ಕೊಡು. ಹನ್ನೊಂದು ಜನರ ಬಗೆಗಿನ ಪ್ರಶ್ನೆ ಒಬ್ಬನ ಬಗೆಗಿನ ಪ್ರಶ್ನೆಯಾಗುತ್ತದೆ. ಹೀಗೆ ಪ್ರಶ್ನೆಯನ್ನು ಚಿಕ್ಕದು ಮಾಡುವುದೇ ಒಳ್ಳೆಯ ಕೋಚ್‌ನ ಮುಖ್ಯ ಕೆಲಸ ಎಂದು ನಾನು ನಂಬುತ್ತೇನೆ.

ಇನ್ನೊಂದು ಉಪಾಯ ಹೆಲ್ಮೆಟ್ ಸ್ಪೀಕರ್‌ಗೆ ಸೇರಿದ್ದು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ. ಅಲ್ಲಿಂದಾಚೆ ಕೋಚ್ ಮಾತಾಡುವಂತಿಲ್ಲ. ಮ್ಯಾಕ್‌ವೇ ತಂಡವನ್ನು ಬೇಗ ಬೇಗ ಸಾಲಿಗೆ ತಂದು ನಿಲ್ಲಿಸುತ್ತಿದ್ದರು. ಆಗ ಎದುರಾಳಿಗಳೂ ಬೇಗ ನಿಲ್ಲಬೇಕಾಗುತ್ತದೆ. ಸ್ಪೀಕರ್ ಬಂದ್ ಆಗುವ ಮೊದಲು ಮ್ಯಾಕ್‌ವೇ ಎದುರಾಳಿಗಳು ನಿಂತ ರೀತಿ ನೋಡಿ, ಗಾಫ್ ಕಿವಿಯಲ್ಲಿ ಇನ್ನೆರಡು ಮಾತು ಹೇಳುತ್ತಿದ್ದರು. ಇದು ನಿಯಮದ ಒಳಗೇ ಇದ್ದ ಕೆಲಸ. ಆದರೂ ಗಾಫ್ ಬರೀ ಹೇಳಿದಂತೆ ಕೇಳುವ ಬೊಂಬೆ ಎಂದು ಟೀಕೆ ಬಂತು. ಆ ಟೀಕೆ ಅನ್ಯಾಯ. ಹೊಸಬನಿಗೆ ಕೆಲಸ ಕಲಿಸುವಾಗ ಪಕ್ಕದಲ್ಲಿ ನಿಂತು ಹೇಳಿಕೊಡುವುದು ತಪ್ಪಾದರೆ, ಕಲಿಸುವುದು ಅಂದರೆ ಇನ್ನೇನು?

ಗಾಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಲಿತ ಆಟವೇ ಬೇರೆ ಇತ್ತು ಎಂಬುದನ್ನೂ ನೆನಪಿಡಬೇಕು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಯಾವಾಗಲೂ ಕೆಲವು ಗಜ ಹಿಂದೆ ನಿಂತು ಚೆಂಡು ಪಡೆದು ಎಸೆಯುತ್ತಿದ್ದ. ಎನ್‌ಎಫ್‌ಎಲ್‌ಗೆ ಬಂದ ಕೂಡಲೇ ಭಾಷೆಯೇ ಬದಲಾಯಿತು. 2016ರಲ್ಲಿ ಅವರಿಗೆ ಆ ಹೊಸ ಭಾಷೆಯ ಕಾಗುಣಿತ ಕಲಿಸುವ ಹೊತ್ತಿಗೆ ಮುಖ್ಯ ಕೋಚ್ ಜೆಫ್ ಫಿಷರ್ ಅವರನ್ನೇ ಸೀಸನ್ ನಡುವೆ ತೆಗೆದುಹಾಕಲಾಯಿತು.

ಇನ್ನು ಎಲ್ಲ ಹೊಗಳಿಕೆಯನ್ನೂ ಮ್ಯಾಕ್‌ವೇಗೆ ಕೊಡುವುದು ಸರಿಯಲ್ಲ. ಅದೇ ಬೇಸಿಗೆಯಲ್ಲಿ ರಾಮ್ಸ್ ತಂಡ 35 ವರ್ಷದ ಆ್ಯಂಡ್ರೂ ವಿಟ್ವರ್ತ್ ಅವರನ್ನು ತಂದು ಎಡಗಡೆ ಟ್ಯಾಕಲ್ ಜಾಗದಲ್ಲಿ ನಿಲ್ಲಿಸಿತು. ಬಲಗೈ ಕ್ವಾರ್ಟರ್‌ಬ್ಯಾಕ್‌ಗೆ ಕಾಣದ ಬೆನ್ನ ಕಡೆಯನ್ನು ಕಾಯುವ ಜಾಗ ಅದು. ರಿಸೀವರ್ ರಾಬರ್ಟ್ ವುಡ್ಸ್ ಬಂದರು. ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಇನ್ನೊಬ್ಬ ರಿಸೀವರ್ ಕೂಪರ್ ಕಪ್ ಸಿಕ್ಕರು. ಓಡುವ ಟಾಡ್ ಗರ್ಲಿ ಆ ವರ್ಷ ಓಟ, ಕ್ಯಾಚ್ ಎರಡೂ ಸೇರಿ 2,093 ಗಜ ಗಳಿಸಿದರು. ಕೋಚಿಂಗ್ ಎಂಬುದು ಬರೀ ಒಬ್ಬನ ಕಿವಿಯಲ್ಲಿ ಮಾತಾಡುವುದಲ್ಲ, ಸುತ್ತ ಯಾರು ನಿಲ್ಲಬೇಕು ಎಂದು ತೀರ್ಮಾನಿಸುವುದೂ ಅದರಲ್ಲೇ ಬರುತ್ತದೆ. ಬಿದ್ದು ಬಿದ್ದು ಹೆದರಿದವನ ಕಾಲನ್ನು ಸರಿಮಾಡಬೇಕಾದರೆ ಮೊದಲು ಅವನು ಬೀಳುವುದು ನಿಲ್ಲಬೇಕು.

ಕಾಲಿನಲ್ಲಿ ಇರುವ ಗಡಿಯಾರ

ಎಸೆಯುವುದು ಕೈಯ ಕೆಲಸ ಅಂತ ನಮಗೆ ಕಾಣುತ್ತದೆ. ಕ್ವಾರ್ಟರ್‌ಬ್ಯಾಕ್ ಕೋಚ್‌ಗಳು ಮೊದಲು ನೋಡುವುದು ಕಾಲನ್ನು. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ಬಿಲ್ ವಾಲ್ಷ್ 1980ರ ದಶಕದಲ್ಲಿ ಇದನ್ನು ಒಂದು ಶಿಸ್ತನ್ನಾಗಿ ಮಾಡಿದರು. ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಮೂರು ಹೆಜ್ಜೆ ಇಟ್ಟರೆ ಒಂದು ಬಗೆಯ ಪಾಸ್, ಐದು ಇಟ್ಟರೆ ಇನ್ನೊಂದು. ಕೊನೆಯ ಹೆಜ್ಜೆ ನೆಲಕ್ಕೆ ತಾಗುವ ಹೊತ್ತಿಗೆ ಮೊದಲ ರಿಸೀವರ್ ತಿರುಗಬೇಕು. ಅವನು ಸಿಗದಿದ್ದರೆ ಒಂದು ಸಣ್ಣ ಹೆಜ್ಜೆ ಮುಂದೆ, ಕಣ್ಣು ಎರಡನೆಯವನ ಕಡೆ. ಅಂದರೆ ಕಾಲು ಕ್ವಾರ್ಟರ್‌ಬ್ಯಾಕ್‌ಗೆ ಹೊತ್ತು ಎಷ್ಟಾಯಿತು ಎಂದು ಹೇಳುತ್ತಿರುತ್ತದೆ. ಗಾಬರಿಯಾದಾಗಲೂ ಕಾಲು ಕಲಿತ ಲಯ ಮರೆಯದಂತೆ ಸಾವಿರಾರು ಸಲ ಅಭ್ಯಾಸ ಮಾಡಿಸುತ್ತಾರೆ.

ವಾಲ್ಷ್ 1987ರಲ್ಲಿ ಸ್ಟೀವ್ ಯಂಗ್ ಅವರನ್ನು ಟ್ಯಾಂಪಾ ಬೇ ತಂಡದಿಂದ ತಂದರು. ಟ್ಯಾಂಪಾದಲ್ಲಿ ಯಂಗ್ ಶುರುಮಾಡಿದ 19 ಪಂದ್ಯಗಳಲ್ಲಿ ಗೆದ್ದದ್ದು 3. ಅಲ್ಲಿ ಅವರಿಗೆ ಗೊತ್ತಿದ್ದದ್ದು ಕಷ್ಟ ಬಂದರೆ ಓಡುವುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ಕು ವರ್ಷ ಜೋ ಮೊಂಟಾನಾ ಹಿಂದೆ ಕಾದು ಕಲಿತರು. 1995ರ ಜನವರಿಯ ಸೂಪರ್ ಬೌಲ್‌ನಲ್ಲಿ 6 ಟಚ್‌ಡೌನ್ ಪಾಸ್ ಎಸೆದು ದಾಖಲೆ ಮಾಡಿದರು.

ಈಚಿನ ಉದಾಹರಣೆ ಬಫಲೋ ತಂಡದ ಜಾಷ್ ಅಲೆನ್. 2018ರಲ್ಲಿ ಅವರ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಶೇ 52.8. ಮರುವರ್ಷ 58.8. 2020ರಲ್ಲಿ 69.2. ಅಷ್ಟು ಜೋರಾದ ಕೈ ಇದ್ದರೂ ಗುರಿ ಇಲ್ಲ, ಗುರಿಯನ್ನು ಕಲಿಸಲು ಆಗುವುದಿಲ್ಲ ಎಂದು ಬಲ್ಲವರೇ ಹೇಳುತ್ತಿದ್ದರು. ಅಲೆನ್ ಬೇಸಿಗೆಗಳಲ್ಲಿ ಕಾಲು ಮತ್ತು ಸೊಂಟದ ತಿರುವನ್ನು ತಿದ್ದಿಕೊಂಡರು. 2020ರಲ್ಲಿ ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದರು. ಇವೆರಡೂ ಎಲ್ಲರಿಗೂ ಗೊತ್ತು. ಅಷ್ಟು ಗಮನಕ್ಕೆ ಬಾರದ ಮೂರನೆಯದೊಂದು ಇದೆ: ಅವರ ಮೊದಲ ನಾಲ್ಕು ಸೀಸನ್‌ಗೂ ಆಫೆನ್ಸ್ (ಚೆಂಡು ಹಿಡಿದಾಗಿನ ಆಟ) ನಡೆಸಿದ ಕೋಆರ್ಡಿನೇಟರ್ ಬ್ರಯಾನ್ ಡಾಬಲ್ ಒಬ್ಬರೇ.

ಅದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ಅಲೆಕ್ಸ್ ಸ್ಮಿತ್ ಕಥೆ ನೋಡಬೇಕು. ಅವರು 2005ರ ಡ್ರಾಫ್ಟ್‌ನ ಮೊದಲ ಆಯ್ಕೆ. ಮೊದಲ ವರ್ಷ 1 ಟಚ್‌ಡೌನ್ ಪಾಸ್, 11 ಇಂಟರ್ಸೆಪ್ಷನ್. ಫಾರ್ಟಿನೈನರ್ಸ್‌ನಲ್ಲಿ ಅವರ ಮೊದಲ 7 ಸೀಸನ್‌ಗಳಲ್ಲಿ 7 ಆಫೆನ್ಸಿವ್ ಕೋಆರ್ಡಿನೇಟರ್‌ಗಳು ಬಂದರು. ಒಬ್ಬೊಬ್ಬರದೂ ಹೊಸ ಪ್ಲೇಬುಕ್, ಹೊಸ ಹೆಸರುಗಳು, ಹೊಸ ಹೆಜ್ಜೆ ಲೆಕ್ಕ. ಕಲಿತದ್ದು ಕೈಗೆ ಹತ್ತುವ ಮೊದಲೇ ಅದನ್ನು ಮರೆಯಬೇಕು. ಏಳನೆಯ ವರ್ಷ, 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ಕೋಚ್ ಆಗಿ ಬಂದರು. ಸ್ವತಃ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಜನ ಕೈಬಿಟ್ಟಿದ್ದ ಸ್ಮಿತ್ ಅವರ ಮೇಲೆ ಬಹಿರಂಗವಾಗಿಯೇ ನಂಬಿಕೆ ಇಟ್ಟರು. ಆ ವರ್ಷ 17 ಟಚ್‌ಡೌನ್ ಪಾಸ್, 5 ಇಂಟರ್ಸೆಪ್ಷನ್, 13 ಗೆಲುವು, 3 ಸೋಲು.

ಇದರ ಹಿಂದೆ ಲೀಗ್‌ನ ನಿಯಮದಲ್ಲೇ ಒಂದು ವಿಪರ್ಯಾಸ ಇದೆ. ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಹಾಗಾಗಿ ದೇಶದ ಅತ್ಯುತ್ತಮ ಹುಡುಗ ಹೋಗಿ ಸೇರುವುದು ಬಹುಮಟ್ಟಿಗೆ ತಡೆಯುವ ಸಾಲು ಬಲವಿಲ್ಲದ, ಕೋಚ್‌ನ ಕುರ್ಚಿ ಅಲುಗಾಡುತ್ತಿರುವ ತಂಡಕ್ಕೆ. ಹುಡುಗ ಸೋತರೆ ತಪ್ಪು ಹುಡುಗನದೇ ಎನ್ನುತ್ತಾರೆ. ಇದು ನನಗೆ ಬೇಸರ ತರಿಸುವ ವಿಷಯ. ಮಿನ್ನೆಸೋಟ ವೈಕಿಂಗ್ಸ್ ಕೋಚ್ ಕೆವಿನ್ ಒ’ಕಾನಲ್ ಇದನ್ನೇ ನೇರವಾಗಿ ಹೇಳಿದ್ದಾರೆ: ಎಳೆಯ ಕ್ವಾರ್ಟರ್‌ಬ್ಯಾಕ್‌ಗಳು ತಂಡವನ್ನು ಸೋಲಿಸುವ ಮೊದಲು ತಂಡಗಳೇ ಅವರನ್ನು ಸೋಲಿಸಿರುತ್ತವೆ.

ಒ’ಕಾನಲ್ ಆ ಮಾತನ್ನು ಮಾಡಿಯೂ ತೋರಿಸಿದರು. ದೆವ್ವ ಕಂಡ ಡಾರ್ನಾಲ್ಡ್ ಮೂರು ತಂಡ ಸುತ್ತಿ 2024ರಲ್ಲಿ ವೈಕಿಂಗ್ಸ್ ಸೇರಿದ್ದರು. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಕೋಚ್ ಜಾಷ್ ಮೆಕೌನ್. ಜೆಟ್ಸ್‌ನಲ್ಲಿ ಡಾರ್ನಾಲ್ಡ್‌ರ ಮೊದಲ ವರ್ಷ ಅವರ ಜೊತೆಗೇ ಆಡಿದ ಹಿರಿಯ. ಹುಡುಗ ಎಲ್ಲಿ ಹೆದರಿದ್ದ ಎಂದು ಮೆಕೌನ್‌ಗೆ ಯಾರೂ ಹೇಳಬೇಕಿರಲಿಲ್ಲ. ಆ ಸೀಸನ್‌ನಲ್ಲಿ 35 ಟಚ್‌ಡೌನ್ ಪಾಸ್, 4,319 ಗಜ, ತಂಡಕ್ಕೆ 14 ಗೆಲುವು. ಆದರೆ ಪ್ಲೇಆಫ್‌ನಲ್ಲಿ ರಾಮ್ಸ್ ತಂಡ ಅವರನ್ನು 9 ಸಲ ಕೆಡವಿತು. ವೈಕಿಂಗ್ಸ್ 27–9ರಿಂದ ಸೋತಿತು. ಒಂದು ಒಳ್ಳೆಯ ವರ್ಷ ಹಳೆಯ ಭಯವನ್ನು ಪೂರ್ತಿ ಅಳಿಸಿಬಿಡುತ್ತದೆ ಎಂದು ನಾನು ಹೇಳಲಾರೆ.

ಹೇಳಿಕೊಡುವ ದನಿ ನಿಂತಾಗ

ಮತ್ತೆ ಗಾಫ್ ಕಡೆಗೆ ಬರೋಣ. ಅವರ ಕಥೆಯ ಅರ್ಧ ಭಾಗ ಬಾಕಿ ಇದೆ.

2018ರಲ್ಲಿ ರಾಮ್ಸ್ 13 ಪಂದ್ಯ ಗೆದ್ದು ಸೂಪರ್ ಬೌಲ್ ತಲುಪಿತು. 2019ರ ಫೆಬ್ರವರಿ 3ರಂದು ಅಟ್ಲಾಂಟಾದಲ್ಲಿ ಬಿಲ್ ಬೆಲಿಚಿಕ್ ಅವರ ಪೇಟ್ರಿಯಟ್ಸ್ ಎದುರು. ಬೆಲಿಚಿಕ್ ಮುಂದಿನ ಸಾಲಿನಲ್ಲಿ ಆರು ಜನರನ್ನು ನಿಲ್ಲಿಸಿ ಅಂಚಿನ ಓಟವನ್ನು ಕಟ್ಟಿಹಾಕಿದರು. ಓಟ ನಿಂತರೆ ಓಟದ ನಟನೆಯನ್ನು ಯಾರು ನಂಬುತ್ತಾರೆ? ಹಿಂದಿನ ಸಾಲು ಆ ಸೀಸನ್‌ನಲ್ಲಿ ತಾನು ಜಾಸ್ತಿ ಆಡದಿದ್ದ ರೀತಿಯಲ್ಲಿ ಆಡಿತು. ಗಾಫ್ 38 ಪಾಸ್‌ಗಳಲ್ಲಿ 19 ಮುಟ್ಟಿಸಿದರು. ಫಲಿತಾಂಶ 13–3. ಇಡೀ ಲೀಗ್ ಅದನ್ನು ನೋಡಿ ಬರೆದಿಟ್ಟುಕೊಂಡಿತು. ಮುಂದಿನ ಎರಡು ವರ್ಷ ಎದುರಾಳಿಗಳು ಸ್ಪೀಕರ್ ಬಂದ್ ಆಗುವವರೆಗೆ ತಮ್ಮ ಗುಟ್ಟು ಬಿಟ್ಟುಕೊಡದೆ ನಿಲ್ಲುವುದನ್ನು ಕಲಿತರು. ಪ್ರಶ್ನೆ ಮತ್ತೆ ದೊಡ್ಡದಾಯಿತು.

2021ರ ಜನವರಿಯಲ್ಲಿ ರಾಮ್ಸ್ ತಂಡ ಗಾಫ್ ಜೊತೆಗೆ ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಸೇರಿಸಿ ಡೆಟ್ರಾಯಿಟ್ ಲಯನ್ಸ್‌ಗೆ ಕೊಟ್ಟು, ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ಪಡೆಯಿತು. ಸ್ಟಾಫರ್ಡ್ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದರು. ಅಂದರೆ ಮ್ಯಾಕ್‌ವೇ ಲೆಕ್ಕ ಅವರ ಮಟ್ಟಿಗೆ ಸರಿಯಿತ್ತು. ಗಾಫ್ ಕಥೆ ಮುಗಿಯಿತು ಎಂದೇ ಎಲ್ಲರಿಗೂ ಅನ್ನಿಸಿತು. ಲಯನ್ಸ್ 2021ರಲ್ಲಿ ಗೆದ್ದದ್ದು ಬರೀ 3 ಪಂದ್ಯ.

ಆದರೆ ಮುಖ್ಯ ಕೋಚ್ ಡ್ಯಾನ್ ಕ್ಯಾಂಬೆಲ್ ಅವಸರ ಮಾಡಲಿಲ್ಲ. 2022ಕ್ಕೆ ಬೆನ್ ಜಾನ್ಸನ್ ಎಂಬ ಯುವ ಸಹಾಯಕನನ್ನು ಆಫೆನ್ಸಿವ್ ಕೋಆರ್ಡಿನೇಟರ್ ಮಾಡಿದರು. ಜಾನ್ಸನ್ ಗಾಫ್ ಜೊತೆ ಕೂತು, ನಿನಗೆ ಯಾವ ಪ್ಲೇ ಇಷ್ಟ, ಯಾವುದರಲ್ಲಿ ನಂಬಿಕೆ ಇಲ್ಲ ಎಂದು ಕೇಳಿ, ಅದರ ಮೇಲೆ ಪ್ಲೇಬುಕ್ ಕಟ್ಟಿದರು. ಗಾಫ್ ಓಡುವವರಲ್ಲ, ಹಾಗಾಗಿ ಓಡಿಸಲಿಲ್ಲ. ಲಯಬದ್ಧವಾಗಿ ಹಿಂದೆ ಸರಿದು ಮೈದಾನದ ನಡುವೆ ಮಧ್ಯಮ ದೂರಕ್ಕೆ ನೇರವಾಗಿ ಎಸೆಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನೇ ಜಾಸ್ತಿ ಮಾಡಿಸಿದರು. ಕಾಯಲು ಪೆನೆ ಸ್ಯೂವೆಲ್, ಫ್ರ್ಯಾಂಕ್ ರಾಗ್ನೋ ಇದ್ದ ಗಟ್ಟಿ ಸಾಲು ಇತ್ತು. ಪ್ರತಿ ಪ್ಲೇಯಲ್ಲೂ ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇರುವ ಆಮನ್-ರಾ ಸೇಂಟ್ ಬ್ರೌನ್ ಇದ್ದರು.

ಲಾಸ್ ಏಂಜಲೀಸ್‌ನಲ್ಲಿ ಕೋಚ್ ತನ್ನ ಪದ್ಧತಿಯನ್ನು ಆಟಗಾರನಿಗೆ ಕಲಿಸಿದ್ದರು. ಡೆಟ್ರಾಯಿಟ್‌ನಲ್ಲಿ ಆಟಗಾರನನ್ನು ನೋಡಿ ಪದ್ಧತಿ ಮಾಡಿದರು. ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ಕೇಳಿದರೆ ನನ್ನ ಓಟು ಎರಡನೆಯದಕ್ಕೆ. ಮೊದಲನೆಯದು ಇಲ್ಲದೆ ಎರಡನೆಯದು ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಇಷ್ಟು ಹೊತ್ತಿಗೆ ಗಾಫ್ ತಾವೇ ಎದುರಾಳಿಗಳನ್ನು ಓದುತ್ತಿದ್ದರು, ಸಾಲಿನಲ್ಲಿ ನಿಂತು ಪ್ಲೇ ಬದಲಿಸುತ್ತಿದ್ದರು.

2023ರಲ್ಲಿ ಲಯನ್ಸ್ 12 ಪಂದ್ಯ ಗೆದ್ದು 30 ವರ್ಷದ ನಂತರ ತಮ್ಮ ಡಿವಿಷನ್ (ಲೀಗ್‌ನೊಳಗಿನ ತಂಡಗಳ ಗುಂಪು) ಗೆದ್ದಿತು. 2024ರ ಜನವರಿ 14ರಂದು ಪ್ಲೇಆಫ್‌ಗೆ ಡೆಟ್ರಾಯಿಟ್‌ಗೆ ಬಂದದ್ದು ಬೇರಾರೂ ಅಲ್ಲ, ಮ್ಯಾಕ್‌ವೇ ಮತ್ತು ಸ್ಟಾಫರ್ಡ್ ಅವರ ರಾಮ್ಸ್. ಗಾಫ್ 27ರಲ್ಲಿ 22 ಪಾಸ್ ಮುಟ್ಟಿಸಿದರು. ಲಯನ್ಸ್ 24–23ರಿಂದ ಗೆದ್ದಿತು. 1992ರ ಜನವರಿಯ ನಂತರ ಆ ತಂಡ ಗೆದ್ದ ಮೊದಲ ಪ್ಲೇಆಫ್ ಪಂದ್ಯ ಅದು. ಇಡೀ ಕ್ರೀಡಾಂಗಣ ಗಾಫ್ ಹೆಸರು ಕೂಗಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಸಿಯಾಟಲ್ ವಿರುದ್ಧ ಅವರು 18 ಪಾಸ್ ಎಸೆದರು, 18ನ್ನೂ ಮುಟ್ಟಿಸಿದರು. ಒಂದೂ ತಪ್ಪದೆ ಒಂದು ಪಂದ್ಯದಲ್ಲಿ ಅಷ್ಟು ಪಾಸ್ ಮುಟ್ಟಿಸಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ನೀವು ಮುಂದಿನ ಸಲ ಪಂದ್ಯ ನೋಡುವಾಗ ಚೆಂಡಿನ ಹಿಂದೆ ಹೋಗದೆ ಕ್ವಾರ್ಟರ್‌ಬ್ಯಾಕ್‌ನ ಕಾಲು ನೋಡಿ. ಹಿಂದಕ್ಕೆ ಸರಿದ ಕೊನೆಯ ಹೆಜ್ಜೆಯಲ್ಲಿ ಚೆಂಡು ಕೈಬಿಟ್ಟಿತಾ? ಅಥವಾ ಅಲ್ಲೇ ಮೂರು ನಾಲ್ಕು ಸಲ ಕುಣಿದನಾ? ಆಮೇಲೆ ಹೆಲ್ಮೆಟ್ ಯಾವ ಕಡೆ ತಿರುಗುತ್ತಿದೆ ನೋಡಿ. ಒಬ್ಬನನ್ನೇ ದಿಟ್ಟಿಸುತ್ತಿದ್ದರೆ ಅವನಿಗೆ ಇನ್ನೂ ಪ್ರಶ್ನೆ ಅರ್ಥವಾಗಿಲ್ಲ. ಅಂಕಪಟ್ಟಿ ಬದಲಾಗುವ ವಾರಗಳ ಮೊದಲೇ ಇಲ್ಲಿ ಬದಲಾವಣೆ ಕಾಣುತ್ತದೆ.

2025ರ ಜನವರಿಯಲ್ಲಿ ಬೆನ್ ಜಾನ್ಸನ್ ಡೆಟ್ರಾಯಿಟ್ ಬಿಟ್ಟು ಷಿಕಾಗೊ ಬೇರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿ ಅವರಿಗೆ ಸಿಕ್ಕವರು 2024ರ ಡ್ರಾಫ್ಟ್‌ನ ಮೊದಲ ಆಯ್ಕೆ ಕೇಲೆಬ್ ವಿಲಿಯಮ್ಸ್. ಮೊದಲ ಸೀಸನ್‌ನಲ್ಲೇ ಎದುರಾಳಿಗಳು 68 ಸಲ ಕೆಡವಿದ್ದ ಹುಡುಗ. ಅವರ ತಂಡ ಆ ವರ್ಷ 5 ಗೆದ್ದು 12 ಸೋತಿತ್ತು. ಹೊಸ ಸೀಸನ್‌ಗೆ ಮೊದಲೇ ಬೇರ್ಸ್ ತಂಡ ತಡೆಯುವ ಸಾಲಿನ ನಡುವಿನ ಮೂರು ಜಾಗಕ್ಕೂ ಹೊಸ ಆಳುಗಳನ್ನು ತಂದಿತು: ಜೋ ಥೂನಿ, ಡ್ರೂ ಡಾಲ್ಮನ್, ಮತ್ತು ಡೆಟ್ರಾಯಿಟ್‌ನಲ್ಲಿ ಗಾಫ್ ಮುಂದೆ ನಿಂತಿದ್ದ ಜೋನಾ ಜಾಕ್ಸನ್. 2025ರಲ್ಲಿ ಬೇರ್ಸ್ 11 ಗೆದ್ದು 6 ಸೋತಿತು.